ಬರ್ಮಿಂಗ್‌ಹ್ಯಾಮ್ ಮನೆಗೆ ಸೌದೆ ಸ್ಟವ್: ಎಂಟು ಕಿಲೋವ್ಯಾಟ್ ಬೇಡ, ನಾಲ್ಕು ಸಾಕು

ಪ್ರಶ್ನೆ: ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿ 1930ರ ದಶಕದ ಒಂದು ಸೆಮಿ ಮನೆ, ಅಂದರೆ ಒಂದು ಕಡೆ ಪಕ್ಕದ ಮನೆಗೆ ಅಂಟಿದ ಮನೆ, ಕೊಂಡಿದ್ದೇವೆ. ಹಾಲ್‌ನಲ್ಲಿ ಹಳೆಯ ಫೈರ್‌ಪ್ಲೇಸ್ ಇದೆ. ಗ್ಯಾಸ್ ಹೀಟಿಂಗ್ ಚೆನ್ನಾಗಿಯೇ ಇದೆ, ಆದರೂ ಚಳಿಗಾಲದ ಸಂಜೆಗೆ ಒಂದು ಸೌದೆ ಸ್ಟವ್ ಇಡಿಸಬೇಕು ಅಂತ ಆಸೆ. ಅಂಗಡಿಯವರು 8 ಕಿಲೋವ್ಯಾಟ್‌ನ ಸ್ಟವ್ ಒಂದನ್ನು ರಿಯಾಯಿತಿಯಲ್ಲಿ ಕೊಡುತ್ತೇವೆ, ಅದು ಎಕೋಡಿಸೈನ್, ಏನೂ ತೊಂದರೆ ಇಲ್ಲ ಅಂದರು. ಪಕ್ಕದ ಮನೆಯವರು ಇದು ಸ್ಮೋಕ್ ಕಂಟ್ರೋಲ್ ಏರಿಯಾ, ಹುಷಾರು ಅಂದರು. ಹಾಲ್ 4.2 ಮೀಟರ್ ಉದ್ದ, 3.8 ಮೀಟರ್ ಅಗಲ, 2.5 ಮೀಟರ್ ಎತ್ತರ. ಪಕ್ಕದಲ್ಲೇ ಅಡುಗೆಮನೆ, ನಡುವೆ ಬಾಗಿಲಿಲ್ಲ. ಆರು ವರ್ಷದ ಮಗಳಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ, ಇನ್‌ಹೇಲರ್ ಕೊಡುತ್ತೇವೆ. ಯಾವ ಸ್ಟವ್ ತಗೊಳ್ಳಬೇಕು?

ಉತ್ತರ: ನೀವು ಕೊನೆಯಲ್ಲಿ ಬರೆದದ್ದನ್ನೇ ಮೊದಲು ತಗೊಳ್ಳುತ್ತೇನೆ. ಮಗಳಿಗೆ ಉಬ್ಬಸ ಇದೆ, ಮನೆಗೆ ಗ್ಯಾಸ್ ಹೀಟಿಂಗ್ ಇದೆ. ಹಾಗಿದ್ದರೆ ನನ್ನ ಮೊದಲ ಸಲಹೆ: ಸದ್ಯಕ್ಕೆ ಸ್ಟವ್ ಬೇಡ. ಸ್ಟವ್ ಅಳವಡಿಸುವ ಕ್ಷೇತ್ರದಲ್ಲೇ ಇದ್ದುಕೊಂಡು ಇದನ್ನು ಹೇಳುತ್ತಿದ್ದೇನೆ. ಎಷ್ಟೇ ಒಳ್ಳೆಯ ಸ್ಟವ್ ಆದರೂ ಸೌದೆ ಸುಟ್ಟರೆ ಪಿಎಂ 2.5 ಅನ್ನುವ ತೀರಾ ಸಣ್ಣ ಕಣಗಳು ಹುಟ್ಟುತ್ತವೆ. ಅವು ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟಿ ಅವರ 2022ರ ವಾರ್ಷಿಕ ವರದಿ ಪೂರ್ತಿ ವಾಯುಮಾಲಿನ್ಯದ ಮೇಲೆಯೇ ಇತ್ತು. ಹೊಸ ಸ್ಟವ್‌ಗಳಿಗೆ ಕಡ್ಡಾಯವಾದ ಎಕೋಡಿಸೈನ್ ಮಟ್ಟದ ಸ್ಟವ್ ಕೂಡ ಗ್ಯಾಸ್ ಹೀಟಿಂಗ್‌ಗಿಂತ ಸುಮಾರು 450 ಪಟ್ಟು ಜಾಸ್ತಿ ಕಣ ಬಿಡುತ್ತದೆ ಅಂತ ಅದರಲ್ಲಿದೆ. ಅಂಗಡಿಯಲ್ಲಿ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಚಿಮಣಿಯಿಂದ ಹೊರಗೆ ಹೋಗುವುದು ಊರಿನ ಗಾಳಿಗೆ. ಮನೆಯೊಳಗೆ ಬರುವುದು ಬಾಗಿಲು ತೆರೆದಾಗ. ಸೌದೆ ಹಾಕಲು ಸ್ಟವ್ ಬಾಗಿಲು ತೆಗೆದ ಪ್ರತಿ ಸಲ ಒಂದಿಷ್ಟು ಹೊಗೆ ಕೋಣೆಗೆ ನುಗ್ಗುತ್ತದೆ, ಕಣ್ಣಿಗೆ ಕಾಣದಿದ್ದರೂ ಸರಿ. ಹತ್ತಿರ ಕೂತು ಬೆಂಕಿ ನೋಡುವುದು ಮಕ್ಕಳೇ ಅಲ್ವಾ? ಹಾಗಾಗಿ ಮೊದಲು ನಿಮ್ಮ ಜಿಪಿ ಅಂದರೆ ಕುಟುಂಬ ವೈದ್ಯರ ಹತ್ತಿರ, ಇಲ್ಲವೇ ಆಸ್ತಮಾ ನರ್ಸ್ ಹತ್ತಿರ ಮಾತಾಡಿ. ಅವರು ಬೇಡ ಅಂದರೆ ವಿಷಯ ಅಲ್ಲಿಗೇ ಮುಗಿಯಿತು. ಯೋಚಿಸಿ ಇಡಿಸುವುದೇ ಅಂತ ನಿರ್ಧರಿಸಿದರೆ, ಇಲ್ಲವೇ ಮಗಳು ದೊಡ್ಡವಳಾಗಿ ಉಬ್ಬಸ ಬಿಟ್ಟ ಮೇಲೆ ಇಡಿಸಿದರೆ, ಮುಂದಿನದು ಉಪಯೋಗಕ್ಕೆ ಬರುತ್ತದೆ.

ಈಗ ಕಾನೂನು. ಪಕ್ಕದ ಮನೆಯವರು ಹೇಳಿದ್ದು ಸರಿ. ಬರ್ಮಿಂಗ್‌ಹ್ಯಾಮ್ ನಗರ ಪೂರ್ತಿ ಸ್ಮೋಕ್ ಕಂಟ್ರೋಲ್ ಏರಿಯಾ, ಅಂದರೆ ಚಿಮಣಿ ಹೊಗೆಗೆ ಕಡಿವಾಣ ಇರುವ ಪ್ರದೇಶ. ಇದರ ಹಿಂದಿರುವುದು 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕೂತ ಹೊಗೆಮಂಜು. ಮನೆಮನೆಯ ಕಲ್ಲಿದ್ದಲ ಹೊಗೆ ಗಾಳಿಯಾಡದೆ ನಿಂತುಬಿಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 4,000 ಜನ ಸತ್ತರು, ಆಮೇಲಿನ ಅಂದಾಜುಗಳು 12,000ದವರೆಗೂ ಹೋಗಿವೆ. ಅದರ ಫಲವೇ 1956ರ ಕ್ಲೀನ್ ಏರ್ ಆಕ್ಟ್. ಈಗ ನಡೆಯುತ್ತಿರುವುದು 1993ರ ಕಾಯ್ದೆ. ಇಂಗ್ಲೆಂಡಿನಲ್ಲಿ 2021ರ ಎನ್ವಿರಾನ್‌ಮೆಂಟ್ ಆಕ್ಟ್ ಅದನ್ನು ಇನ್ನಷ್ಟು ಬಿಗಿ ಮಾಡಿತು. ಇಂಥ ಪ್ರದೇಶದಲ್ಲಿ ಚಿಮಣಿಯಿಂದ ಹೊಗೆ ಬಂದರೆ ಕೌನ್ಸಿಲ್ 175ರಿಂದ 300 ಪೌಂಡ್ ದಂಡ ಹಾಕಬಹುದು. ಒಪ್ಪಿಗೆ ಇಲ್ಲದ ಸ್ಟವ್‌ನಲ್ಲಿ ಸುಡಲು ಒಪ್ಪಿಗೆ ಇಲ್ಲದ ಉರುವಲು ಕೊಂಡರೆ ದಂಡ 1,000 ಪೌಂಡ್‌ವರೆಗೂ ಏರಬಹುದು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನಿಯಮ ಬೇರೆ. ಅಲ್ಲಿರುವ ಓದುಗರು ತಮ್ಮ ಕೌನ್ಸಿಲನ್ನೇ ಕೇಳಬೇಕು.

ಸೌದೆ ಒಪ್ಪಿಗೆ ಪಡೆದ ಉರುವಲಿನ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ನಿಮ್ಮ ಹಳೆಯ ಫೈರ್‌ಪ್ಲೇಸ್‌ನಲ್ಲಿ ಹಾಗೇ ಸೌದೆ ಉರಿಸುವಂತಿಲ್ಲ. ಡೆಫ್ರಾ ಅಂದರೆ ಬ್ರಿಟನ್ ಸರ್ಕಾರದ ಪರಿಸರ ಇಲಾಖೆ ವಿನಾಯಿತಿ ಕೊಟ್ಟ ಸ್ಟವ್ ಇದ್ದರೆ ಮಾತ್ರ ಉರಿಸಬಹುದು. ಅದನ್ನು ಡೆಫ್ರಾ ಎಕ್ಸೆಂಪ್ಟ್ ಅನ್ನುತ್ತಾರೆ.

ಅಂಗಡಿಯವರ ಮಾತು ಜಾರಿದ್ದು ಇಲ್ಲಿಯೇ. ಎಕೋಡಿಸೈನ್ ಬೇರೆ, ಡೆಫ್ರಾ ಎಕ್ಸೆಂಪ್ಟ್ ಬೇರೆ. ಎಕೋಡಿಸೈನ್ ಅನ್ನುವುದು 2022ರ ಜನವರಿ 1ರಿಂದ ಬ್ರಿಟನ್‌ನಲ್ಲಿ ಮಾರುವ ಎಲ್ಲ ಹೊಸ ಸ್ಟವ್‌ಗೂ ಇರಲೇಬೇಕಾದ ಕನಿಷ್ಠ ಅರ್ಹತೆ. ಬಾಗಿಲಿರುವ ಸೌದೆ ಸ್ಟವ್‌ನ ಹೊಗೆಯಲ್ಲಿ ಪ್ರತಿ ಘನ ಮೀಟರ್‌ಗೆ ಕಣ 40 ಮಿಲಿಗ್ರಾಂ ದಾಟಬಾರದು, ಕಾರ್ಬನ್ ಮಾನಾಕ್ಸೈಡ್ 1,500 ಮಿಲಿಗ್ರಾಂ ದಾಟಬಾರದು, ಹೀಗೆ. ಈ ಅಳತೆ ಮಾಡುವುದು ಸ್ಟವ್ ಚೆನ್ನಾಗಿ ಕಾದು, ಕೆಂಡ ಹಾಸಿ, ಪೂರ್ತಿ ಉರಿಯಲ್ಲಿರುವಾಗ. ಡೆಫ್ರಾ ವಿನಾಯಿತಿಗೆ ಇನ್ನೊಂದು ಪರೀಕ್ಷೆ. ಅಲ್ಲಿ ಗಂಟೆಗೆ ಎಷ್ಟು ಗ್ರಾಂ ಹೊಗೆ ಅಂತ ನೋಡುತ್ತಾರೆ. ಮೂಲ ಮಿತಿ 5 ಗ್ರಾಂ, ಅದರ ಮೇಲೆ ಪ್ರತಿ 0.3 ಕಿಲೋವ್ಯಾಟ್‌ಗೆ 0.1 ಗ್ರಾಂ ಸೇರಿಸಿ. 5 ಕಿಲೋವ್ಯಾಟ್ ಸ್ಟವ್‌ಗೆ ಅದು ಸುಮಾರು 6.7 ಗ್ರಾಂ ಆಗುತ್ತದೆ. ಉರಿ ತಗ್ಗಿಸಿದಾಗಲೂ ಸ್ಟವ್ ಈ ಮಿತಿಯೊಳಗೆ ಇರಬೇಕು. ಸಂಜೆ ಮನೆಯಲ್ಲಿ ಜನ ಸ್ಟವ್ ಉರಿಸುವುದು ಬಹುಪಾಲು ತಗ್ಗಿಸಿಯೇ. ಅದಕ್ಕೇ ಈ ಎರಡನೇ ಪರೀಕ್ಷೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಎಕ್ಸೆಂಪ್ಟ್ ಸ್ಟವ್ ಒಂದನ್ನು ಷೋರೂಮಿನಲ್ಲಿ ಮುಟ್ಟಿ ನೋಡಿ. ಗಾಜಿನ ಮೇಲೆ ಇಲ್ಲವೇ ಕೆಳಗೆ ಗಾಳಿ ಹೆಚ್ಚುಕಮ್ಮಿ ಮಾಡುವ ಹಿಡಿ ಇರುತ್ತದೆ. ಅದನ್ನು ಮುಚ್ಚುವ ಕಡೆಗೆ ಪೂರ್ತಿ ತಳ್ಳಿ. ಕೊನೆಗೆ ಬರುವ ಮುಂಚೆಯೇ ಟಕ್ ಅಂತ ನಿಲ್ಲುತ್ತದೆ. ಒಳಗೆ ಒಂದು ಸಣ್ಣ ತಿರುಪು ಇಲ್ಲವೇ ಕಬ್ಬಿಣದ ತುಂಡು ಅದನ್ನು ತಡೆದಿರುತ್ತದೆ. ಎಷ್ಟೇ ಮುಚ್ಚಿದರೂ ಬೆಂಕಿಗೆ ಒಂದಿಷ್ಟು ಗಾಳಿ ಹೋಗುತ್ತಲೇ ಇರಲಿ ಅಂತ ಇದು. ಕೆಲವು ಮಾದರಿಗಳಲ್ಲಿ ಸಾಮಾನ್ಯ ಸ್ಟವ್‌ಗೂ ಎಕ್ಸೆಂಪ್ಟ್ ಸ್ಟವ್‌ಗೂ ಇರುವ ವ್ಯತ್ಯಾಸ ಇಷ್ಟೇ. ರಾತ್ರಿಯೆಲ್ಲ ಕೆಂಡ ಉಳಿಯಲಿ ಅಂತ ಇದನ್ನು ಬಿಚ್ಚಿಸುವವರು ಇದ್ದಾರೆ. ದಯವಿಟ್ಟು ಬಿಚ್ಚಿಸಬೇಡಿ. ಬಿಚ್ಚಿದ ಕ್ಷಣದಿಂದ ನಿಮ್ಮದು ವಿನಾಯಿತಿ ಪಡೆದ ಸ್ಟವ್ ಅಲ್ಲ.

ಕ್ಲಿಯರ್‌ಸ್ಕೈಸ್ ಅನ್ನುವ ಒಂದು ಗುರುತೂ ಇದೆ. ಅದರಲ್ಲಿ ಹಂತ ಏರಿದಷ್ಟೂ ಸ್ಟವ್‌ನ ಹೊಗೆ ಕಡಿಮೆ. ನಿಮ್ಮಂಥ ಪ್ರದೇಶಕ್ಕೆ ಮೂರು ಅಥವಾ ಅದಕ್ಕಿಂತ ಮೇಲಿನದು ಬೇಕು, ನಾನಾಗಿದ್ದರೆ ಐದನ್ನೇ ತಗೊಳ್ಳುತ್ತಿದ್ದೆ. ಆದರೂ ಅಂಗಡಿಯ ಚೀಟಿ ನಂಬಿ ದುಡ್ಡು ಕೊಡಬೇಡಿ. ಡೆಫ್ರಾ ವೆಬ್‌ಸೈಟ್‌ನಲ್ಲಿ ವಿನಾಯಿತಿ ಪಡೆದ ಸ್ಟವ್‌ಗಳ ಪಟ್ಟಿ ಇದೆ. ಕಂಪನಿಯ ಹೆಸರಿನ ಜೊತೆಗೆ ಮಾದರಿಯ ಪೂರ್ತಿ ಹೆಸರು ಹೊಂದುತ್ತದಾ ನೋಡಿ. ಒಂದೇ ಹೆಸರಿನ ಸ್ಟವ್‌ನಲ್ಲಿ ಒಂದು ಅಳತೆಯದು ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು.

ಇನ್ನು 8 ಕಿಲೋವ್ಯಾಟ್ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಕಳವಳ ತಂದದ್ದು ಇದು.

ಲೆಕ್ಕ ಮಾಡೋಣ. ನಿಮ್ಮ ಹಾಲ್‌ನ ಗಾತ್ರ ಸುಮಾರು 40 ಘನ ಮೀಟರ್. ಬ್ರಿಟನ್‌ನ ಅಳವಡಿಕೆಗಾರರು ಸಾಮಾನ್ಯ ಮನೆಗೆ ಇದನ್ನು 14ರಿಂದ ಭಾಗಿಸುತ್ತಾರೆ. ಬರುವುದು ಸುಮಾರು 2.9 ಕಿಲೋವ್ಯಾಟ್. ಮನೆ ಹಳೆಯದು, ಗೋಡೆಗೆ ಇನ್ಸುಲೇಶನ್ ಇಲ್ಲ ಅಂದುಕೊಂಡು 10ರಿಂದ ಭಾಗಿಸಿದರೂ 4 ಕಿಲೋವ್ಯಾಟ್. ಅಡುಗೆಮನೆಗೆ ಒಂದಿಷ್ಟು ಶಾಖ ಹರಿದುಹೋಗುತ್ತದೆ, ಅದನ್ನು ಸೇರಿಸಿದರೂ 4ರಿಂದ 5ರೊಳಗೆ ಮುಗಿಯಿತು. ಅಂಗಡಿಯವರು ಕೊಡುತ್ತಿರುವುದು ಹೆಚ್ಚುಕಮ್ಮಿ ಎರಡರಷ್ಟು.

ಎರಡರಷ್ಟು ಇದ್ದರೆ ಏನಾಯಿತು, ಬೇಕಾದಾಗ ತಗ್ಗಿಸಿಕೊಂಡರಾಯಿತು ಅನ್ನಿಸಬಹುದು. ಗ್ಯಾಸ್ ಒಲೆಯಾದರೆ ಸರಿ. ಸೌದೆ ಹಾಗಲ್ಲ. ಸೌದೆ ಕಾದಾಗ ಅದರ ತೂಕದ ಮುಕ್ಕಾಲು ಪಾಲು ಅನಿಲವಾಗಿ ಹೊರಬರುತ್ತದೆ. ಸ್ಟವ್‌ನೊಳಗೆ ಕುಣಿಯುವ ಜ್ವಾಲೆ ಅಂದರೆ ಆ ಅನಿಲ ಉರಿಯುವುದೇ. ಅದು ಪೂರ್ತಿ ಉರಿಯಲು ಮೂರು ಬೇಕು: ಹೆಚ್ಚು ಶಾಖ, ಬಿಸಿಯಾದ ಗಾಳಿ, ಒಂದಿಷ್ಟು ಸಮಯ. ಒಳ್ಳೆಯ ಸ್ಟವ್‌ನ ಹಿಂಗೋಡೆಯಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಬಿಸಿ ಗಾಳಿ ಅಲ್ಲಿಂದ ಬಂದು ಅನಿಲವನ್ನು ಮೇಲ್ಭಾಗದಲ್ಲಿ ಇನ್ನೊಮ್ಮೆ ಹೊತ್ತಿಸುತ್ತದೆ. ದೊಡ್ಡ ಸ್ಟವ್ ಸಣ್ಣ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ಸೆಖೆ ಹುಟ್ಟಿಸುತ್ತದೆ. ನೀವು ಗಾಳಿ ಮುಚ್ಚುತ್ತೀರಿ. ಸ್ಟವ್ ತಣ್ಣಗಾಗುತ್ತದೆ, ಆದರೆ ಸೌದೆ ಅನಿಲ ಬಿಡುವುದನ್ನು ನಿಲ್ಲಿಸುವುದಿಲ್ಲ. ಉರಿಯದ ಆ ಅನಿಲವೇ ಹೊಗೆ. ಗಾಜು ಕಪ್ಪಾಗುತ್ತದೆ. ಚಿಮಣಿಯೊಳಗೆ ಟಾರು ಕಟ್ಟುತ್ತದೆ, ಒಂದು ದಿನ ಆ ಟಾರಿಗೇ ಬೆಂಕಿ ಹತ್ತಬಹುದು. ಊರಿನ ಬಚ್ಚಲ ಒಲೆಗೆ ಹಸಿ ಸೌದೆ ತುಂಬಿ ಬಾಯಿಗೆ ತಗಡು ಮುಚ್ಚಿದರೆ ಏನಾಗುತ್ತದೋ ಅದೇ.

ಸಣ್ಣ ಸ್ಟವ್ ಜೋರಾಗಿ ಉರಿಯಬೇಕು. ಕಡಿಮೆ ಹೊಗೆಯ ಸ್ಟವ್ ಹುಡುಕುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. 4 ಕಿಲೋವ್ಯಾಟ್ ಸ್ಟವ್ ಪೂರ್ತಿ ಉರಿಯಲು ಗಂಟೆಗೆ ಒಣ ಸೌದೆ ಸುಮಾರು ಒಂದೂಕಾಲು ಕೆ.ಜಿ. ಸಾಕು, ಅಂದರೆ ಒಂದೆರಡು ಸೀಳು. ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಮ್ಮೆ ಹಾಕಬೇಕು. ತುಂಬಿಸಿಟ್ಟು ಮಲಗುವ ವ್ಯವಹಾರ ಇದಲ್ಲ.

ಸಣ್ಣದಕ್ಕೆ ಇನ್ನೂ ಒಂದು ಅನುಕೂಲ ಇದೆ. 5 ಕಿಲೋವ್ಯಾಟ್‌ವರೆಗಿನ ಸ್ಟವ್‌ಗೆ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಗೋಡೆಗೆ ಗಾಳಿಕಿಂಡಿ ಕೊರೆಸಬೇಕಾಗಿಲ್ಲ. ಅದಕ್ಕಿಂತ ಮೇಲಾದರೆ ಹೆಚ್ಚಿನ ಪ್ರತಿ ಕಿಲೋವ್ಯಾಟ್‌ಗೆ 550 ಚದರ ಮಿ.ಮೀ. ಕಿಂಡಿ ಬೇಕು, ಅದನ್ನು ಎಂದೂ ಮುಚ್ಚುವಂತಿಲ್ಲ. ಜನವರಿಯಲ್ಲಿ ಆ ಕಿಂಡಿಯಿಂದ ಬರುವ ಗಾಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಕಿಟಕಿ ಬಾಗಿಲು ಎಲ್ಲ ಹೊಸದಾಗಿ ಹಾಕಿಸಿ ಮನೆಯನ್ನು ಬಿಗಿ ಮಾಡಿದ್ದರೆ ಮಾತ್ರ ಅಳವಡಿಕೆಗಾರರಿಗೆ ಮೊದಲೇ ಹೇಳಿ. ಗಾಳಿಯಾಡದ ಮನೆಗೆ ಸಣ್ಣ ಸ್ಟವ್‌ಗೂ ಕಿಂಡಿ ಬೇಕಾಗುತ್ತದೆ.

ಗಾಳಿಯ ಮಾತು ಬಂತಲ್ಲ, ನಿಮ್ಮ ಅಡುಗೆಮನೆಯ ವಿಷಯ ಹೇಳಲೇಬೇಕು. ನಮ್ಮ ಅಡುಗೆಗೆ ಜೋರಾದ ಕುಕ್ಕರ್ ಹುಡ್ ಹಾಕಿಸಿರುತ್ತೇವೆ. ಮೆಣಸಿನಕಾಯಿ ಒಗ್ಗರಣೆಗೆ ಅದು ಬೇಕೇ ಬೇಕು. ಆದರೆ ಆ ಫ್ಯಾನ್ ಮನೆಯ ಗಾಳಿಯನ್ನು ಹೊರಗೆ ಎಳೆದಾಗ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕು. ಬೇರೆ ದಾರಿ ಇಲ್ಲದಿದ್ದರೆ ಚಿಮಣಿಯಿಂದಲೇ ಬರುತ್ತದೆ, ಸ್ಟವ್‌ನ ಹೊಗೆಯನ್ನೂ ಕರೆದುಕೊಂಡು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ನಿಮ್ಮ ಹಾಲ್‌ಗೂ ಅಡುಗೆಮನೆಗೂ ಬಾಗಿಲಿಲ್ಲ ಅಂತ ಬರೆದಿದ್ದೀರಿ. ಆದ್ದರಿಂದ ಅಳವಡಿಕೆಗಾರರು ಹುಡ್ಡನ್ನು ಅತಿ ಜೋರಿನಲ್ಲಿ ಓಡಿಸಿ, ಕಿಟಕಿ ಬಾಗಿಲು ಮುಚ್ಚಿ, ಸ್ಟವ್‌ನ ಹೊಗೆ ಹಿಂದಕ್ಕೆ ಬರುತ್ತದಾ ಅಂತ ಪರೀಕ್ಷೆ ಮಾಡಲೇಬೇಕು. ಅವರು ಮರೆತರೆ ನೀವೇ ಕೇಳಿ. ಹಿಂದಕ್ಕೆ ಬಂದರೆ ಆ ಜಾಗಕ್ಕೆ ಸ್ಟವ್ ಆಗಿಬರುವುದಿಲ್ಲ, ಇಲ್ಲವೇ ಹೊರಗಿನ ಗಾಳಿಗೆ ಬೇರೆ ವ್ಯವಸ್ಥೆ ಆಗಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಸ್ಟವ್ ಇರುವ ಕೋಣೆಯಲ್ಲೇ ಇರಬೇಕು, ಅದು ಕಾನೂನು. ಸ್ಟವ್‌ನಿಂದ 1ರಿಂದ 3 ಮೀಟರ್ ದೂರ. ಸೂರಿಗೆ ಹಾಕಿದರೆ ಗೋಡೆಯಿಂದ ಕನಿಷ್ಠ 300 ಮಿ.ಮೀ. ಈಚೆಗೆ.

ಚಿಮಣಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದನ್ನು ನೋಡದೆ ಯಾರೂ ಖಚಿತವಾಗಿ ಹೇಳಲಾರರು. ಮೊದಲು ಗುಡಿಸಿಸಿ. ವರ್ಷಗಟ್ಟಲೆ ಉರಿಸದ ಚಿಮಣಿಯಲ್ಲಿ ಜ್ಯಾಕ್‌ಡಾ ಹಕ್ಕಿಗಳು ಕಡ್ಡಿ ತುಂಬಿ ಗೂಡು ಕಟ್ಟಿರುತ್ತವೆ. ನಿಮ್ಮ ಕಾಲದ ಮನೆಗೆ ಚಿಮಣಿಯೊಳಗೆ ಸ್ಟೀಲ್ ಲೈನರ್ ಅಂದರೆ ಉಕ್ಕಿನ ಕೊಳವೆ ಇಳಿಸುವುದೇ ಒಳ್ಳೆಯದು. ಎಕ್ಸೆಂಪ್ಟ್ ಸ್ಟವ್ ಆದರೆ 125 ಮಿ.ಮೀ. ಲೈನರ್‌ಗೂ ಅವಕಾಶ ಇದೆ, ಇಲ್ಲದಿದ್ದರೆ 150 ಬೇಕು. ಇಕ್ಕಟ್ಟಾದ ಹಳೆಯ ಚಿಮಣಿಯಲ್ಲಿ ಈ 25 ಮಿ.ಮೀ. ದೊಡ್ಡ ಸಹಾಯ. ಲೈನರ್, ಕೂಲಿ, ಸ್ಟವ್ ಕೆಳಗಿನ ಕಲ್ಲು ಎಲ್ಲ ಸೇರಿದರೆ ಸ್ಟವ್‌ನ ಬೆಲೆಯನ್ನೇ ಮೀರುವುದು ಸಾಮಾನ್ಯ. ಮೊದಲೇ ಅಂದಾಜು ಕೇಳಿ ಇಟ್ಟುಕೊಳ್ಳಿ.

ಈಗ ಸೌದೆ. ಸ್ಟವ್ ಎಷ್ಟೇ ದುಬಾರಿಯದಾದರೂ ಸೌದೆ ಹಸಿಯಾಗಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಈಗ ತಾನೇ ಕಡಿದ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ ಇರುತ್ತದೆ. ಹತ್ತು ಕೆ.ಜಿ. ಹಾಕಿದರೆ ಐದು ಕೆ.ಜಿ. ನೀರು ಕುದಿಸಲು ಬೆಂಕಿಯ ಶಕ್ತಿ ಹೋಗುತ್ತದೆ. ಒಳಗಿನ ಶಾಖ ಇಳಿಯುತ್ತದೆ, ಅನಿಲ ಉರಿಯುವುದಿಲ್ಲ, ಮತ್ತೆ ಹೊಗೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ 2 ಘನ ಮೀಟರ್‌ಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇ. 20ರೊಳಗೆ ಇರಬೇಕು, ರೆಡಿ ಟು ಬರ್ನ್ ಗುರುತೂ ಇರಬೇಕು. ಅದಕ್ಕಿಂತ ಜಾಸ್ತಿ ಒಟ್ಟಿಗೆ ತರಿಸಿದರೆ ಸೌದೆ ಹಸಿಯಾಗಿರಬಹುದು, ಒಣಗಿಸುವುದು ಹೇಗೆ ಅಂತ ಒಂದು ಚೀಟಿ ಕೊಡುತ್ತಾರೆ, ಅಷ್ಟೇ. ಅಗ್ಗ ಅಂತ ಆ ಲೋಡ್ ತರಿಸಿ ಅದೇ ವಾರ ಉರಿಸಲು ಹೋಗಬೇಡಿ. ಒಡೆದು, ಮೇಲೆ ಮಾತ್ರ ಮುಚ್ಚಿ, ಪಕ್ಕಗಳಲ್ಲಿ ಗಾಳಿಯಾಡುವ ಹಾಗೆ ಜೋಡಿಸಿ. ಸಾಮಾನ್ಯವಾಗಿ ಎರಡು ಬೇಸಿಗೆ ಬೇಕಾಗುತ್ತದೆ. ಓಕ್ ಇನ್ನೂ ನಿಧಾನ.

ತೇವ ನೋಡುವ ಮೀಟರ್ ಒಂದು ಕೊಳ್ಳಿ, ದುಬಾರಿಯಲ್ಲ. ಜನ ಅದರ ಮುಳ್ಳುಗಳನ್ನು ಸೌದೆಯ ತುದಿಗೆ ಚುಚ್ಚಿ 14 ಬಂತು ಅಂತ ಖುಷಿಪಡುತ್ತಾರೆ. ತುದಿ ಯಾವಾಗಲೂ ಬೇಗ ಒಣಗುತ್ತದೆ. ಸೌದೆಯನ್ನು ಆಗಷ್ಟೇ ಸೀಳಿ, ಹೊಸದಾಗಿ ತೆರೆದ ಒಳಮೈಯ ನಡುಭಾಗಕ್ಕೆ ಚುಚ್ಚಿ ನೋಡಿ. ಅಲ್ಲಿ 20ಕ್ಕಿಂತ ಕಡಿಮೆ ಬಂದರೆ ಸರಿ. ಬಣ್ಣ ಬಳಿದ ಮರ, ಹಳೆಯ ಪೀಠೋಪಕರಣ, ಪ್ಲೈವುಡ್ ಯಾವುದೂ ಬೇಡ. ಆ ಹೊಗೆಯಲ್ಲಿ ವಿಷ ಇರುತ್ತದೆ. ಸ್ಟವ್ ಕೈಪಿಡಿಯಲ್ಲಿ ಹೇಳಿದ್ದನ್ನು ಬಿಟ್ಟು ಬೇರೆ ಸುಟ್ಟರೆ ಡೆಫ್ರಾ ವಿನಾಯಿತಿಯ ರಕ್ಷಣೆಯೂ ಇಲ್ಲ.

ಹೊತ್ತಿಸುವ ಕ್ರಮವೂ ಮುಖ್ಯ. ಒಂದು ಸಂಜೆಯ ಹೊಗೆಯಲ್ಲಿ ದೊಡ್ಡ ಪಾಲು ಮೊದಲ ಹದಿನೈದು ಇಪ್ಪತ್ತು ನಿಮಿಷದ್ದು. ನಾವು ಊರಲ್ಲಿ ಕೆಳಗೆ ಪುಳ್ಳೆ, ಮೇಲೆ ಸೌದೆ ಇಟ್ಟು ಅಡಿಯಿಂದ ಹೊತ್ತಿಸಿ ಊದುತ್ತೇವೆ. ಇಲ್ಲಿ ತಿರುಗಿಸಿ ಮಾಡಿ. ತಳದಲ್ಲಿ ಎರಡು ಸೀಳು ಸೌದೆ, ಅದರ ಮೇಲೆ ಅಡ್ಡಡ್ಡ ಪುಳ್ಳೆ, ತುತ್ತತುದಿಯಲ್ಲಿ ಹೊತ್ತಿಸುವ ಬತ್ತಿ. ಗಾಳಿ ಪೂರ್ತಿ ತೆರೆದು ಮೇಲಿನಿಂದ ಹೊತ್ತಿಸಿ. ಉರಿ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಕೆಳಗಿನ ಸೌದೆಯಿಂದ ಏಳುವ ಅನಿಲ ಮೇಲಿರುವ ಜ್ವಾಲೆಯನ್ನು ದಾಟಿಯೇ ಹೋಗಬೇಕು, ದಾಟುವಾಗ ಉರಿದುಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಹೊರಗೆ ಹೋಗಿ ಚಿಮಣಿ ನೋಡಿ. ಬಿಸಿಗಾಳಿಯ ನಡುಕ ಮಾತ್ರ ಕಂಡರೆ ಎಲ್ಲ ಸರಿಯಾಗಿದೆ. ಬೂದು ಅಥವಾ ನೀಲಿ ಹೊಗೆ ಕಂಡರೆ ಗಾಳಿ ಸಾಲದು ಅಥವಾ ಸೌದೆ ಒಣಗಿಲ್ಲ. ಆಮೇಲೆ ಸೌದೆ ಸೇರಿಸಬೇಕಾದಾಗ ಕೆಂಡವಾಗುವವರೆಗೆ ಕಾಯಿರಿ. ಜ್ವಾಲೆ ಇರುವಾಗ ಬಾಗಿಲು ತೆಗೆದರೆ ಹೊಗೆ ಒಳಗೆ ಬರುತ್ತದೆ. ಬಾಗಿಲನ್ನು ಮೊದಲು ಒಂದಿಂಚು ತೆಗೆದು, ಚಿಮಣಿಯ ಎಳೆತ ಸರಿಹೋದ ಮೇಲೆ ನಿಧಾನವಾಗಿ ಪೂರ್ತಿ ತೆರೆಯಿರಿ. ಆ ಹೊತ್ತಿಗೆ ಮಗಳು ಬೇರೆ ಕೋಣೆಯಲ್ಲಿರಲಿ.

ನೀವು ಸೌದೆ ಮಾತ್ರ ಉರಿಸುವವರಾದರೆ ಕಲ್ಲಿದ್ದಲನ್ನೂ ಉರಿಸುವ ಮಲ್ಟಿಫ್ಯುಯೆಲ್ ಸ್ಟವ್ ಬೇಡ, ಬರೀ ಸೌದೆಯ ಸ್ಟವ್ ತಗೊಳ್ಳಿ. ಕಲ್ಲಿದ್ದಲಿಗೆ ಜಾಲರಿಯ ಕೆಳಗಿನಿಂದ ಗಾಳಿ ಬೇಕು, ಸೌದೆಗೆ ಮೇಲಿನಿಂದ. ಸೌದೆ ತೆಳುವಾದ ಬೂದಿಯ ಹಾಸಿನ ಮೇಲೆ ಚೆನ್ನಾಗಿ ಉರಿಯುತ್ತದೆ, ದಿನಾ ಬೂದಿ ಬಳಿದು ಹೊಳೆಯಿಸುವ ಅಗತ್ಯವಿಲ್ಲ. ಹೊಗೆ ಬಿಡುವ ಸಾಂಪ್ರದಾಯಿಕ ಮನೆಬಳಕೆಯ ಕಲ್ಲಿದ್ದಲ ಮಾರಾಟ ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳಿಗೆ ಪೂರ್ತಿ ನಿಂತಿದೆ. ಹಾಗಾಗಿ ಆ ಜಾಲರಿಗೆ ದುಡ್ಡು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಅಂಗಡಿಗೆ ಮತ್ತೆ ಹೋದಾಗ ರಿಯಾಯಿತಿಯ ಮಾತು ಬಿಟ್ಟು ಹೀಗೆ ಕೇಳಿ: 4 ಅಥವಾ 5 ಕಿಲೋವ್ಯಾಟ್‌ನದು, ಡೆಫ್ರಾ ಪಟ್ಟಿಯಲ್ಲಿರುವುದು, ಕ್ಲಿಯರ್‌ಸ್ಕೈಸ್ 5ನೇ ಹಂತದ್ದು ಯಾವುದಿದೆ ತೋರಿಸಿ. ಅಳವಡಿಸಲು ಹೆಟಾಸ್ ಅನ್ನುವ, ಸ್ಟವ್ ಅಳವಡಿಕೆಗಾರರ ನೋಂದಣಿ ಸಂಸ್ಥೆಯಲ್ಲಿ ನೋಂದಾಯಿಸಿದವರನ್ನೇ ಕರೆಯಿರಿ. ಅವರು ಕೆಲಸ ಮುಗಿಸಿ ಸರ್ಟಿಫಿಕೇಟ್ ಕೊಡುತ್ತಾರೆ, ಕೌನ್ಸಿಲ್‌ಗೂ ತಿಳಿಸುತ್ತಾರೆ. ಬೇರೆಯವರ ಕೈಲಿ ಮಾಡಿಸಿದರೆ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ನೀವೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ತಪಾಸಣೆ ಮಾಡಿಸಬೇಕು. ವರ್ಷಕ್ಕೆ ಒಮ್ಮೆಯಾದರೂ ಚಿಮಣಿ ಗುಡಿಸಿಸಿ, ದಿನಾ ಉರಿಸುವುದಾದರೆ ಎರಡು ಸಲ. ಗುಡಿಸಿದವರು ಕೊಡುವ ರಸೀದಿಯನ್ನೂ ಹೆಟಾಸ್ ಸರ್ಟಿಫಿಕೇಟನ್ನೂ ಮನೆಯ ಕಾಗದಪತ್ರದ ಜೊತೆಗೇ ಇಡಿ. ಇನ್ಶೂರೆನ್ಸ್‌ನವರು ಕೇಳಬಹುದು. ಮುಂದೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಕೂಡ ಕೇಳುತ್ತಾರೆ.